ಹತ್ತು ಅಂಕಿಯ ಬೀಗ

ವಡೋದರದ ಮಂಜಲ್‌ಪುರದಲ್ಲಿ ಹೊಸ ಫೈಬರ್ ಸಂಪರ್ಕ ಪಡೆಯಲು ಅರ್ಧ ಗಂಟೆ ಸಾಕು. ಹುಡುಗ ಬೈಕಿನಲ್ಲಿ ಬರುತ್ತಾನೆ, ಮೆಟ್ಟಿಲ ಸಂದಿಯಿಂದ ತಂತಿ ಎಳೆಯುತ್ತಾನೆ, ಬಾಗಿಲ ಪಕ್ಕ ತೂತು ಕೊರೆಯುತ್ತಾನೆ, ಬಿಳಿ ಡಬ್ಬಿಯೊಂದನ್ನು ಟೀವಿಯ ಮೇಲೆ ಗೋಡೆಗೆ ಹೊಡೆಯುತ್ತಾನೆ. ಆಮೇಲೆ ತನ್ನ ಫೋನಿನಲ್ಲಿ ಏನೇನೋ ಒತ್ತುತ್ತಾ, ವೈಫೈಗೆ ಏನು ಹೆಸರಿಡಲಿ ಎಂದು ಕೇಳಿ, ಉತ್ತರಕ್ಕೆ ಕಾಯದೆ ಫ್ಲ್ಯಾಟಿನ ನಂಬರನ್ನೇ ಇಡುತ್ತಾನೆ. ಪಾಸ್‌ವರ್ಡಿನ ವಿಷಯದಲ್ಲಿ ಕೇಳುವುದೂ ಇಲ್ಲ. ‘ನಿಮ್ಮ ಮೊಬೈಲ್ ನಂಬರೇ ಇಟ್ಟಿದ್ದೇನೆ, ಮರೆಯೋದಿಲ್ಲ. ಚಾಲ್ಶೆ?’ ಎನ್ನುತ್ತಾನೆ. ಚಾಲ್ಶೆ ಅಂದರೆ ಗುಜರಾತಿಯಲ್ಲಿ ‘ನಡೆಯುತ್ತೆ ತಾನೇ’. ನಮ್ಮ ‘ನಡೀತದೆ ಬಿಡಿ’ಯ ಒಡಹುಟ್ಟು. ಮನೆಯವರು ಚಾಲ್ಶೆ ಎನ್ನುತ್ತಾರೆ. ಅವನು ಮುಂದಿನ ಮನೆಗೆ ಹೋಗುತ್ತಾನೆ.

ಹುಬ್ಬಳ್ಳಿಯಲ್ಲೋ ಮೈಸೂರಿನಲ್ಲೋ ಪುಣೆಯಲ್ಲೋ ಕುಳಿತು ಇದನ್ನು ಓದುತ್ತಿರುವ ನಿಮಗೆ ಈ ದೃಶ್ಯ ಹೊಸದಲ್ಲ. ಊರು ಬೇರೆ, ಭಾಷೆ ಬೇರೆ, ಪಾಸ್‌ವರ್ಡಿನ ಸೂತ್ರ ಮಾತ್ರ ಒಂದೇ. ನಾಳೆ ಏನಾದರೂ ಹೆಚ್ಚುಕಮ್ಮಿಯಾದರೆ ಪತ್ರಿಕೆಯಲ್ಲಿ ಬರುವ ಸಲಹೆಯೂ ಒಂದೇ: ನಾಗರಿಕರು ತಮ್ಮ ವೈಫೈ ಅನ್ನು ಭದ್ರವಾಗಿಟ್ಟುಕೊಳ್ಳಬೇಕು, ಜಾಗೃತರಾಗಿರಬೇಕು. ನನ್ನ ತಕರಾರು ಇರುವುದು ಈ ಸಲಹೆಯ ಮೇಲೆ. ಮನೆಯ ವೈಫೈ ಬೀಗವನ್ನು ನಾಗರಿಕ ಆರಿಸುತ್ತಿಲ್ಲ. ಅದನ್ನು ಆರಿಸುವುದು ಸಂಪರ್ಕ ಕೊಡುವ ಕಂಪನಿ, ತನ್ನ ಅನುಕೂಲಕ್ಕಾಗಿ, ದಿನಕ್ಕೆ ಇಷ್ಟು ಮನೆ ಮುಗಿಸಬೇಕೆಂಬ ಒತ್ತಡದಲ್ಲಿರುವ ಹುಡುಗನ ಕೈಯಿಂದ. ಹಾಗಿರುವಾಗ ಬೀಗ ಕಳಪೆಯಾದರೆ ಹೊಣೆಯೂ ಆ ಕಂಪನಿಯದೇ ಆಗಬೇಕು.

ಮೊದಲು ಆ ಬೀಗ ಎಷ್ಟು ಕಳಪೆ ಎಂದು ನೋಡೋಣ. ನಮ್ಮ ಮೊಬೈಲ್ ನಂಬರಿಗೆ ಹತ್ತು ಅಂಕಿ. ಮೊದಲನೆಯದು 6, 7, 8 ಅಥವಾ 9. ಅಂದರೆ ಸಾಧ್ಯವಿರುವ ಒಟ್ಟು ನಂಬರುಗಳು 400 ಕೋಟಿ. ಕೇಳಲು ದೊಡ್ಡ ಸಂಖ್ಯೆ. ಆದರೆ ಡಬ್ಲ್ಯೂಪಿಎ2 ಎಂಬ ಇಂದಿನ ಸಾಮಾನ್ಯ ವ್ಯವಸ್ಥೆಯಲ್ಲಿ ಒಂದು ತೊಡಕಿದೆ. ನಿಮ್ಮ ಫೋನು ರೌಟರಿಗೆ ಸೇರುವಾಗ ಎರಡರ ನಡುವೆ ನಾಲ್ಕು ಸಂದೇಶಗಳ ವಿನಿಮಯವಾಗುತ್ತದೆ. ಅದರಲ್ಲಿ ಪಾಸ್‌ವರ್ಡ್ ಇರುವುದಿಲ್ಲ. ಆದರೆ ‘ಈ ಪಾಸ್‌ವರ್ಡ್ ಸರಿಯೇ’ ಎಂದು ಒರೆಗೆ ಹಚ್ಚಿ ನೋಡಲು ಬೇಕಾದಷ್ಟು ಸಾಮಗ್ರಿ ಇರುತ್ತದೆ. ಅದನ್ನು ಎದುರಿನ ಕಟ್ಟಡದಲ್ಲೋ ಕೆಳಗೆ ನಿಂತ ಕಾರಿನಲ್ಲೋ ಲ್ಯಾಪ್‌ಟಾಪ್ ಇಟ್ಟುಕೊಂಡವನು ಗಾಳಿಯಿಂದ ಹಿಡಿದುಕೊಂಡು ಮನೆಗೆ ಒಯ್ಯಬಹುದು. ಆಮೇಲೆ ಅವನು ನಿಮ್ಮ ರೌಟರಿನ ಹತ್ತಿರ ಇರಬೇಕಾಗಿಲ್ಲ. ತಪ್ಪು ಪಾಸ್‌ವರ್ಡ್ ಹಾಕಿದ್ದೀರಿ ಎಂದು ತಡೆಯುವವರು ಯಾರೂ ಇಲ್ಲ. ಗೇಮ್ ಆಡುವವರು ಕೊಳ್ಳುವ ಆರ್‌ಟಿಎಕ್ಸ್ 4090 ಮಾದರಿಯ ಒಂದೇ ಒಂದು ಗ್ರಾಫಿಕ್ಸ್ ಕಾರ್ಡು ಸೆಕೆಂಡಿಗೆ ಸುಮಾರು 25 ಲಕ್ಷ ಊಹೆಗಳನ್ನು ಪರೀಕ್ಷಿಸುತ್ತದೆ. 400 ಕೋಟಿಯನ್ನು 25 ಲಕ್ಷದಿಂದ ಭಾಗಿಸಿದರೆ 1,600 ಸೆಕೆಂಡು, ಅಂದರೆ 27 ನಿಮಿಷ. ಹುಡುಗ ಸಂಪರ್ಕ ಕೊಡಲು ತೆಗೆದುಕೊಂಡಷ್ಟೇ ಹೊತ್ತು.

ಅದೇ ಕಾರ್ಡಿಗೆ ಅಕ್ಷರ, ಅಂಕಿ ಬೆರೆಸಿ ಯಂತ್ರವೇ ಯಾದೃಚ್ಛಿಕವಾಗಿ ಆರಿಸಿದ 12 ಸಂಕೇತಗಳ ಪಾಸ್‌ವರ್ಡ್ ಕೊಟ್ಟು ನೋಡಿ. ದೊಡ್ಡಕ್ಷರ ಬೇಡ, ವಿಚಿತ್ರ ಚಿಹ್ನೆ ಬೇಡ. ಇಂಗ್ಲಿಷಿನ 26 ಸಣ್ಣಕ್ಷರ, 10 ಅಂಕಿ, ಅಷ್ಟೇ. ಎಲ್ಲವನ್ನೂ ಪರೀಕ್ಷಿಸಿ ಮುಗಿಸಲು ಸುಮಾರು 60,000 ವರ್ಷ ಬೇಕು. ಇಪ್ಪತ್ತೇಳು ನಿಮಿಷಕ್ಕೂ ಅರವತ್ತು ಸಾವಿರ ವರ್ಷಕ್ಕೂ ನಡುವಿನ ವೆಚ್ಚ ಎಷ್ಟು? ಡಬ್ಬಿಯ ತಳಕ್ಕೆ ಅಂಟಿಸುವ ಒಂದು ಚೀಟಿ.

ಇದು ಬರೀ ಕಾಗದದ ಲೆಕ್ಕವಲ್ಲ. 2021ರಲ್ಲಿ ಇಸ್ರೇಲಿನ ಭದ್ರತಾ ಸಂಶೋಧಕನೊಬ್ಬ ಟೆಲ್ ಅವೀವ್ ನಗರದಲ್ಲಿ ಓಡಾಡಿ 5,000 ವೈಫೈ ಜಾಲಗಳ ಇಂಥ ಸಾಮಗ್ರಿ ಸಂಗ್ರಹಿಸಿದ. ಅವುಗಳಲ್ಲಿ ಶೇ 70ರಷ್ಟರ ಪಾಸ್‌ವರ್ಡ್ ಅವನಿಗೆ ಸಿಕ್ಕಿತು. ಅವನ ಮೊದಲ ಅಸ್ತ್ರ ಯಾವುದು ಗೊತ್ತೇ? ಅಲ್ಲಿನವರಿಗೂ ಮೊಬೈಲ್ ನಂಬರನ್ನೇ ಪಾಸ್‌ವರ್ಡ್ ಮಾಡುವ ಚಾಳಿ ಇದೆ ಎಂಬ ಅನುಮಾನ.

ಮಂಜಲ್‌ಪುರದಲ್ಲಿ ಗ್ರಾಫಿಕ್ಸ್ ಕಾರ್ಡಿನ ಶ್ರಮವೂ ಬೇಕಿಲ್ಲವೆನ್ನಿ. ಜಾಲದ ಹೆಸರು ಫ್ಲ್ಯಾಟ್ ನಂಬರು. ಆ ಫ್ಲ್ಯಾಟಿನವರ ಫೋನ್ ನಂಬರು ಸೊಸೈಟಿಯ ವಾಟ್ಸ್ಆ್ಯಪ್ ಗುಂಪಿನಲ್ಲಿದೆ, ಕಾವಲುಗಾರನ ರಿಜಿಸ್ಟರಿನಲ್ಲಿದೆ, ಗೇಟಿನ ಬಳಿ ಬಿಸಾಡಿದ ಕೊರಿಯರ್ ಪೊಟ್ಟಣದ ಮೇಲೆ ಅಚ್ಚಾಗಿದೆ. ಬೀಗದ ಮೇಲೆ ಮನೆಯ ವಿಳಾಸ ಬರೆದು, ಕೀಲಿಕೈಯ ನಕಲನ್ನು ಊರಿಗೆಲ್ಲ ಹಂಚಿದಂತೆ.

ಗುಜರಾತಿನಲ್ಲಿ ನಿಂತು ಈ ಮಾತು ಆಡುವುದಕ್ಕೆ ಬೇರೆ ಕಾರಣವೂ ಇದೆ. 2008ರ ಜುಲೈ 25ರಂದು ಬೆಂಗಳೂರಿನಲ್ಲಿ ಸರಣಿ ಸ್ಫೋಟಗಳಾದವು. ಮಾರನೆಯ ದಿನ, ಜುಲೈ 26ರ ಸಂಜೆ, ಅಹಮದಾಬಾದ್. ಸುಮಾರು 70 ನಿಮಿಷಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಸ್ಫೋಟ. ಸತ್ತವರು 56 ಜನ, ಗಾಯಗೊಂಡವರು 200ಕ್ಕೂ ಹೆಚ್ಚು. ಗಾಯಾಳುಗಳನ್ನು ಹೊತ್ತು ತಂದ ಆಸ್ಪತ್ರೆಗಳನ್ನೂ ಬಿಡಲಿಲ್ಲ. ಮುಂದಿನ ದಿನಗಳಲ್ಲಿ ಸೂರತ್‌ನಲ್ಲಿ ಸಿಡಿಯದ ಬಾಂಬುಗಳು ಒಂದರ ಹಿಂದೊಂದು ಸಿಕ್ಕವು. ಅಹಮದಾಬಾದಿನಲ್ಲಿ ಮೊದಲ ಬಾಂಬು ಸಿಡಿಯುವ ಕೆಲವೇ ನಿಮಿಷ ಮೊದಲು ಟೀವಿ ವಾಹಿನಿಗಳಿಗೆ ಒಂದು ಇ-ಮೇಲ್ ಬಂದಿತ್ತು, ಇಂಡಿಯನ್ ಮುಜಾಹಿದೀನ್ ಹೆಸರಿನಲ್ಲಿ. ಪೊಲೀಸರು ಅದರ ಜಾಡು ಹಿಡಿದು ಹೋಗಿ ತಲುಪಿದ್ದು ನವಿ ಮುಂಬೈನ ಸಾನ್‌ಪಾಡಾದ ಒಂದು ಫ್ಲ್ಯಾಟಿಗೆ. ಅಲ್ಲಿದ್ದವನು ಅಮೆರಿಕದ ಪ್ರಜೆ. ಇ-ಮೇಲ್ ಕಳಿಸಿದವನು ಅವನಲ್ಲ. ಅವನ ಸರಿಯಾದ ಬೀಗವಿಲ್ಲದ ವೈಫೈ. ಅವನ ಕಂಪ್ಯೂಟರುಗಳನ್ನು ಒಯ್ದರು, ಅವನನ್ನು ದಿನಗಟ್ಟಲೆ ಪ್ರಶ್ನಿಸಿದರು, ಹೆಸರು ಮುಖ ಎಲ್ಲವೂ ಜಗತ್ತಿನ ಪತ್ರಿಕೆಗಳಲ್ಲಿ ಬಂತು. ಅವನ ಮೇಲೆ ಆರೋಪ ಹೊರಿಸಲಿಲ್ಲ. ಸಂಪರ್ಕ ಕೊಡಲು ಬಂದ ತಂತ್ರಜ್ಞನೇ ಮೂಲ ಪಾಸ್‌ವರ್ಡ್ ಬದಲಿಸಬೇಡಿ ಎಂದಿದ್ದ ಎಂದು ಅವನು ಹೇಳಿದ್ದೂ ಆಗ ವರದಿಯಾಗಿತ್ತು. ಆ ಒಂದು ವಾಕ್ಯವನ್ನು ಯಾರೂ ಹಿಡಿದು ಎಳೆಯಲಿಲ್ಲ.

ಅದೇ ವರ್ಷ ಆಗಸ್ಟ್ 23ರಂದು ಎರಡನೆಯ ಇ-ಮೇಲ್ ಮುಂಬೈನ ಮಾಟುಂಗಾದ ಕಾಲೇಜೊಂದರ ವೈಫೈನಿಂದ ಹೋಯಿತು. ಸೆಪ್ಟೆಂಬರ್ 13ರಂದು, ದೆಹಲಿ ಸ್ಫೋಟಗಳ ಹೊತ್ತಿಗೆ, ಮೂರನೆಯದು ಚೆಂಬೂರಿನ ಕಂಪನಿಯೊಂದರ ವೈಫೈನಿಂದ. ಅಂದರೆ ಮೊದಲ ಸಲ ಇಡೀ ದೇಶ ಬೆಚ್ಚಿಬಿದ್ದ ಮೇಲೂ ಅದೇ ತಂತ್ರ ಅದೇ ಮಹಾನಗರದಲ್ಲಿ ಇನ್ನೆರಡು ಸಲ ನಡೆಯಿತು.

ಆಮೇಲೆ ಸರ್ಕಾರ ಮಾಡಿದ್ದೇನು? 2009ರ ಜನವರಿಯಲ್ಲಿ ಮುಂಬೈ ಪೊಲೀಸರು ಬೀಗವಿಲ್ಲದ ವೈಫೈ ಹುಡುಕಿಕೊಂಡು ಬೀದಿಗಿಳಿದರು. ಫೆಬ್ರವರಿಯಲ್ಲಿ ದೂರಸಂಪರ್ಕ ಇಲಾಖೆ ಇಂಟರ್ನೆಟ್ ಕಂಪನಿಗಳಿಗೆ ಸೂಚನೆ ಹೊರಡಿಸಿತು. ಅದರ ತಿರುಳು, ವೈಫೈ ಬಳಸುವವರು ಯಾರೆಂದು ಗುರುತಿಸಬೇಕು, ದಾಖಲೆ ಇಡಬೇಕು ಎಂಬುದು. ವಿಮಾನ ನಿಲ್ದಾಣದಲ್ಲೋ ರೈಲು ನಿಲ್ದಾಣದಲ್ಲೋ ಉಚಿತ ವೈಫೈ ಬಳಸಲು ಇವತ್ತಿಗೂ ನೀವು ಫೋನ್ ನಂಬರ್ ಕೊಟ್ಟು ಒಟಿಪಿಗಾಗಿ ಕಾಯುವುದು ಆ ಯೋಚನೆಯ ಫಲ. ಸಾನ್‌ಪಾಡಾದ ಮನೆಯವನು ಯಾರೆಂಬುದು ಕಂಪನಿಗೆ ಗೊತ್ತಿತ್ತು, ಹಾಗಾಗಿಯೇ ಪೊಲೀಸರು ಅಲ್ಲಿಗೆ ತಲುಪಿದ್ದು. ಗುರುತು ಇತ್ತು, ಇಲ್ಲದಿದ್ದದ್ದು ಬೀಗ. ನಾವು ಗುರುತನ್ನು ಬಿಗಿಗೊಳಿಸಿದೆವು, ಬೀಗವನ್ನು ಹುಡುಗನ ಕೈಗೆ ಬಿಟ್ಟೆವು. ಹದಿನೇಳು ವರ್ಷಗಳಲ್ಲಿ ಆದ ಪ್ರಗತಿ ಎಂದರೆ ಬೀಗವಿಲ್ಲದ ಜಾಗಕ್ಕೆ ಫೋನ್ ನಂಬರಿನ ಬೀಗ ಬಂದಿದೆ. ಅಹಮದಾಬಾದ್ ಪ್ರಕರಣದಲ್ಲಿ ವಿಶೇಷ ನ್ಯಾಯಾಲಯ 2022ರ ಫೆಬ್ರವರಿಯಲ್ಲಿ 49 ಜನರನ್ನು ತಪ್ಪಿತಸ್ಥರೆಂದು ಸಾರಿತು, 38 ಜನಕ್ಕೆ ಮರಣದಂಡನೆ ವಿಧಿಸಿತು. ನ್ಯಾಯಾಲಯಕ್ಕೂ ಮುಗಿಯಿತು ಎನ್ನಿಸಿದ ವಿಷಯದಲ್ಲಿ ಈ ಸಣ್ಣ ಪಾಠ ಮಾತ್ರ ಹಾಗೇ ಉಳಿದಿದೆ.

‘ನನ್ನ ಬಳಿ ಮುಚ್ಚಿಡುವಂಥದ್ದೇನಿದೆ?’ ಎನ್ನುವವರಿಗೆ ಸಾನ್‌ಪಾಡಾದ ಕಥೆಯೇ ಉತ್ತರ. ಮುಚ್ಚಿಡುವಂಥದ್ದು ಅವನ ಬಳಿಯೂ ಇರಲಿಲ್ಲ. ಬ್ಯಾಂಕಿನ ಪಾಸ್‌ವರ್ಡ್ ಕದ್ದುಬಿಡುತ್ತಾರೆ ಎಂದು ಹೆದರಿಸುವವರ ಜೊತೆ ನಾನಿಲ್ಲ. ಬ್ಯಾಂಕಿನ ತಾಣಗಳ ಮಾತುಕತೆ ಪ್ರತ್ಯೇಕವಾಗಿ ಗೂಢಲಿಪಿಯಲ್ಲೇ ನಡೆಯುತ್ತದೆ, ವೈಫೈ ಮುರಿದವನಿಗೆ ಅದು ಸುಲಭಕ್ಕೆ ದಕ್ಕುವುದಿಲ್ಲ. ನಿಜವಾದ ಅಪಾಯಗಳು ಬೇರೆ. ಹೊರಗಿನವನು ನಿಮ್ಮ ವಿಳಾಸದಿಂದ ಏನನ್ನೇ ಮಾಡಿದರೂ ಮೊದಲು ಬಾಗಿಲು ತಟ್ಟುವುದು ನಿಮ್ಮದು. ಒಳಗೆ ಬಂದವನಿಗೆ ರೌಟರಿನ ಆಡಳಿತ ಪುಟವೂ ಎದುರಾಗುತ್ತದೆ. ಅದರ ಪಾಸ್‌ವರ್ಡ್ ಕಾರ್ಖಾನೆಯಲ್ಲಿ ಇಟ್ಟದ್ದೇ ಆಗಿದ್ದರೆ, ನೀವು ಯಾವ ತಾಣ ಕೇಳಿದರೂ ಎಲ್ಲಿಗೆ ಕಳಿಸಬೇಕೆಂದು ತೀರ್ಮಾನಿಸುವವನು ಅವನು. ಮತ್ತೆ ಕ್ಯಾಮೆರಾಗಳು. ಮನೆಮನೆಯಲ್ಲೂ ಮಗುವಿನ ಕೋಣೆಗೊಂದು, ಅಜ್ಜಿಯ ಹಾಸಿಗೆಗೊಂದು ಕ್ಯಾಮೆರಾ ಬಂದಿರುವ ಕಾಲ ಇದು. 2025ರ ಫೆಬ್ರವರಿಯಲ್ಲಿ ರಾಜಕೋಟದ ಹೆರಿಗೆ ಆಸ್ಪತ್ರೆಯೊಂದರ ಸಿಸಿಟಿವಿ ದೃಶ್ಯಗಳು, ಹೆಂಗಸರನ್ನು ಪರೀಕ್ಷಿಸುವ ದೃಶ್ಯಗಳು, ಟೆಲಿಗ್ರಾಮಿನಲ್ಲಿ ಮಾರಾಟಕ್ಕೆ ಬಂದವು. ಅಹಮದಾಬಾದಿನ ಸೈಬರ್ ಪೊಲೀಸರು ತನಿಖೆ ನಡೆಸಿದರು. ಬದಲಿಸದೆ ಬಿಟ್ಟ ಕಾರ್ಖಾನೆಯ ಪಾಸ್‌ವರ್ಡ್ ಅದಕ್ಕೆ ದಾರಿಯಾಗಿತ್ತು ಎಂಬ ವರದಿ ಆಮೇಲೆ ಬಂತು. ಅದು ವೈಫೈ ಪ್ರಕರಣವಲ್ಲ, ಅದರ ದಾಯಾದಿ. ಎರಡರಲ್ಲೂ ಡಬ್ಬಿ ತಂದು ಕೂರಿಸಿದವನು ‘ಚಾಲ್ಶೆ’ ಎಂದು ಹೋಗಿದ್ದಾನೆ.

ಈಗ ಬೀಗದ ಬಗೆಗಳ ವಿಷಯ. 1997ರಲ್ಲಿ ವೈಫೈ ಜೊತೆಗೇ ಹುಟ್ಟಿದ್ದು ವೆಪ್. 2001ರಲ್ಲಿ ಫ್ಲೂರರ್, ಮಾಂಟಿನ್, ಶಮೀರ್ ಎಂಬ ಮೂವರು ಅದರ ಬುನಾದಿಯೇ ಟೊಳ್ಳೆಂದು ತೋರಿಸಿದರು. 2007ರ ಹೊತ್ತಿಗೆ ಅದನ್ನು ಒಂದು ನಿಮಿಷದೊಳಗೆ ಮುರಿಯುವ ವಿಧಾನ ಬಂತು. ಹಳೆಯ ಯಂತ್ರಗಳಲ್ಲೇ ನಡೆಯಲಿ ಎಂದು 2003ರಲ್ಲಿ ತುರ್ತಾಗಿ ಹೊಲಿದ ತೇಪೆ ಡಬ್ಲ್ಯೂಪಿಎ, ಅದರೊಳಗಿನ ಟಿಕೆಐಪಿ. 2004ರಲ್ಲಿ ಬಂದ ಡಬ್ಲ್ಯೂಪಿಎ2 ನಿಜವಾದ ದುರಸ್ತಿ. ಅದರೊಳಗಿನ ಎಇಎಸ್ ಇವತ್ತಿಗೂ ಗಟ್ಟಿ, ಪಾಸ್‌ವರ್ಡ್ ಗಟ್ಟಿಯಿದ್ದರೆ. 2018ರಲ್ಲಿ ಡಬ್ಲ್ಯೂಪಿಎ3. ಇದರ ದೊಡ್ಡ ಗುಣ, ನಾನು ಮೊದಲು ಹೇಳಿದ ‘ಮನೆಗೆ ಒಯ್ದು ಊಹಿಸುವ’ ಆಟವನ್ನು ಇದು ನಿಲ್ಲಿಸುತ್ತದೆ. ಪ್ರತಿ ಊಹೆಗೂ ರೌಟರಿನ ಜೊತೆ ನೇರವಾಗಿ ಮಾತಾಡಬೇಕು. ಆಗ 400 ಕೋಟಿ ನಿಜಕ್ಕೂ 400 ಕೋಟಿಯೇ. 2020ರ ಜುಲೈನಿಂದ ವೈಫೈ ಪ್ರಮಾಣಪತ್ರ ಬೇಕೆನ್ನುವ ಹೊಸ ಸಾಧನಗಳಿಗೆ ಇದು ಕಡ್ಡಾಯ. ಅಂದರೆ ನಿಮ್ಮ ಡಬ್ಬಿ ತೀರಾ ಹಳೆಯದಲ್ಲದಿದ್ದರೆ ಒಳ್ಳೆಯ ಬೀಗ ಅದರೊಳಗೆ ಆಗಲೇ ಇರುವ ಸಾಧ್ಯತೆ ದೊಡ್ಡದು. ಅದನ್ನು ತಿರುಗಿಸಿಲ್ಲ, ಅಷ್ಟೇ.

ಏಕೆ ತಿರುಗಿಸಿಲ್ಲ? ನಾನಿರುವ ಕಟ್ಟಡದಲ್ಲಿ ಸಂಪರ್ಕ ಕೊಡುವ ಕಂಪನಿಯ ಸಹಾಯವಾಣಿಗೆ ನಾನು ಇದನ್ನೇ ಕೇಳಿದೆ. ನನ್ನ ರೌಟರು ಡಬ್ಲ್ಯೂಪಿಎ ಮತ್ತು ಡಬ್ಲ್ಯೂಪಿಎ2 ಎರಡನ್ನೂ ಒಪ್ಪುವ ಮಿಶ್ರ ಸ್ಥಿತಿಯಲ್ಲಿತ್ತು, ಟಿಕೆಐಪಿ ಸಮೇತ. ಆ ಪುಟ ಗ್ರಾಹಕರಿಗೆ ಕೊಡುವುದಿಲ್ಲ ಸರ್, ಎಂದರು. ಮತ್ತೆ ಏಕೆ ಹಾಗಿಟ್ಟಿದ್ದೀರಿ? ಹಳೆಯ ಟೀವಿ, ಹಳೆಯ ಪ್ರಿಂಟರು ಸೇರದೆ ಹೋದರೆ ದೂರು ಬರುತ್ತದೆ. ಪ್ರಾಮಾಣಿಕ ಉತ್ತರ, ಅದಕ್ಕೆ ಅವರಿಗೆ ಕೃತಜ್ಞ. ಎಲ್ಲೋ ಒಂದು ಮನೆಯ ಹಳೆಯ ಪ್ರಿಂಟರಿನಿಂದ ಬರಬಹುದಾದ ಒಂದು ಫೋನ್ ಕರೆಯ ಖರ್ಚು ತಪ್ಪಿಸಲು ಎಲ್ಲರ ಬೀಗವನ್ನೂ ಸಡಿಲಿಸಲಾಗಿದೆ. ಪಾಸ್‌ವರ್ಡಿಗೆ ಫೋನ್ ನಂಬರ್ ಇಡುವುದೂ ಇದೇ ಲೆಕ್ಕ: ಮರೆತೆ ಎಂದು ಕರೆ ಬರುವುದಿಲ್ಲ.

ಡಬ್ಲ್ಯೂಪಿಎಸ್ ಎಂಬ ಗುಂಡಿಯದ್ದೂ ಇದೇ ಕಥೆ. ಪಾಸ್‌ವರ್ಡ್ ಬದಲು ಎಂಟು ಅಂಕಿಯ ಪಿನ್ ಹಾಕಿ ಸೇರಿಕೊಳ್ಳುವ ಸೌಕರ್ಯ ಅದು. ಎಂಟರಲ್ಲಿ ಕೊನೆಯ ಅಂಕಿ ಬರೀ ತಾಳೆ ನೋಡಲು. ಉಳಿದ ಏಳನ್ನು ನಾಲ್ಕು, ಮೂರು ಎಂದು ಒಡೆದು ಬೇರೆ ಬೇರೆಯಾಗಿ ಪರೀಕ್ಷಿಸುತ್ತದೆ. ಹಾಗಾಗಿ ಕೋಟಿ ಪ್ರಯತ್ನ ಬೇಕಾದಲ್ಲಿ 11,000 ಸಾಕು. ಇದು 2011ರ ಡಿಸೆಂಬರಿನಲ್ಲೇ ಬಯಲಾಗಿದೆ. ನಿಮ್ಮ ಪಾಸ್‌ವರ್ಡ್ ಎಷ್ಟೇ ಉದ್ದವಿರಲಿ, ಈ ಹಿತ್ತಿಲ ಬಾಗಿಲು ತೆರೆದಿದ್ದರೆ ಅದು ವ್ಯರ್ಥ.

ಕಂಪನಿಗಳ ಪರ ವಕಾಲತ್ತು ಹೀಗೆ ಬರುತ್ತದೆ: ನಮ್ಮ ಜನಕ್ಕೆ ಕಷ್ಟದ ಪಾಸ್‌ವರ್ಡ್ ಕೊಟ್ಟರೆ ತಬ್ಬಿಬ್ಬಾಗುತ್ತಾರೆ. ಇದೇ ಜನ ಹದಿನೇಳು ಅಂಕಿಯ ಗ್ಯಾಸ್ ಗ್ರಾಹಕ ಸಂಖ್ಯೆ, ಹನ್ನೆರಡು ಅಂಕಿಯ ಆಧಾರ್ ನಿಭಾಯಿಸುತ್ತಾರೆ. ವೈಫೈ ಪಾಸ್‌ವರ್ಡನ್ನು ಒಂದು ಫೋನಿಗೆ ಒಂದು ಸಲ ಹಾಕಿದರೆ ಮುಗಿಯಿತು. ಈಗಂತೂ ಚೌಕುಳಿ ಕೋಡ್ ತೋರಿಸಿದರೆ ನೆಂಟರ ಫೋನೂ ಸೇರಿಕೊಳ್ಳುತ್ತದೆ. ಚಹಾದ ಗಾಡಿಯವನು ಕ್ಯೂಆರ್ ಕೋಡಿನಲ್ಲಿ ವ್ಯಾಪಾರ ಮಾಡುವ ದೇಶದಲ್ಲಿ ಜನರ ಅಜ್ಞಾನದ ನೆಪ ಹೇಳಲು ಸಂಕೋಚವಾಗಬೇಕು.

ಬೇರೆ ಕಡೆ ಇದನ್ನು ಕಾನೂನಿನಿಂದಲೇ ಬಗೆಹರಿಸಿಕೊಂಡಿದ್ದಾರೆ. ಕ್ಯಾಲಿಫೋರ್ನಿಯಾದಲ್ಲಿ 2020ರ ಜನವರಿ 1ರಿಂದ, ಬ್ರಿಟನ್ನಿನಲ್ಲಿ 2024ರ ಏಪ್ರಿಲ್ 29ರಿಂದ, ಎಲ್ಲ ಡಬ್ಬಿಗೂ ಒಂದೇ ಪಾಸ್‌ವರ್ಡ್ ಇಟ್ಟು ಮಾರುವಂತಿಲ್ಲ. ಜರ್ಮನಿಯ ಉದಾಹರಣೆ ಇನ್ನೂ ಸ್ವಾರಸ್ಯದ್ದು. 2010ರಲ್ಲಿ ಅಲ್ಲಿನ ಅತ್ಯುಚ್ಚ ನ್ಯಾಯಾಲಯ ಹೊಣೆಯನ್ನು ಮನೆಯವನ ಮೇಲೇ ಹಾಕಿತ್ತು: ಕೊಂಡಾಗಿನ ಕಾಲಕ್ಕೆ ಒಗ್ಗುವ ಬೀಗ ಹಾಕದಿದ್ದರೆ ಬೇರೆಯವರು ಮಾಡಿದ ತಪ್ಪಿಗೂ ನೀನು ಉತ್ತರಿಸಬೇಕು. 2016ರಲ್ಲಿ ಅದೇ ನ್ಯಾಯಾಲಯ, ಪ್ರತಿ ರೌಟರಿಗೂ ಬೇರೆಯಾದ ಪಾಸ್‌ವರ್ಡನ್ನು ತಯಾರಕನೇ ಕೊಟ್ಟಿದ್ದರೆ ಅದನ್ನು ಹಾಗೇ ಇಟ್ಟುಕೊಂಡವನದ್ದು ತಪ್ಪಲ್ಲ ಎಂದಿತು. ನಾಗರಿಕ ತಯಾರಕನನ್ನು ನಂಬಬಹುದು, ಯಾಕೆಂದರೆ ತಯಾರಕ ತನ್ನ ಕೆಲಸ ಮಾಡಿರುತ್ತಾನೆ.

ನಮ್ಮಲ್ಲಿ ವ್ಯವಸ್ಥೆಯೇ ಇಲ್ಲವೆಂದಲ್ಲ. ದೂರಸಂಪರ್ಕ ಇಲಾಖೆಯ ರಾಷ್ಟ್ರೀಯ ಸಂವಹನ ಭದ್ರತಾ ಕೇಂದ್ರ ಇರುವುದು ಬೆಂಗಳೂರಿನಲ್ಲೇ. ಮನೆಯ ವೈಫೈ ಡಬ್ಬಿಗಳು ಹೇಗಿರಬೇಕೆಂಬ ಭದ್ರತಾ ನಿಯಮಗಳನ್ನೂ ಅದು ಬರೆದಿದೆ. ಒಳ್ಳೆಯದೇ. ಆದರೆ ಪ್ರಯೋಗಾಲಯ ಪರೀಕ್ಷಿಸುವುದು ಡಬ್ಬಿಯನ್ನು. ಮಂಜಲ್‌ಪುರದ ಗೋಡೆಗೆ ಹೊಡೆದ ಮೇಲೆ ಅದರಲ್ಲಿ ಏನನ್ನು ಒತ್ತಲಾಯಿತು ಎಂಬುದು ಪ್ರಯೋಗಾಲಯದ ಕಣ್ಣಿಗೆ ಬೀಳುವುದಿಲ್ಲ. ನಿಯಮ ಬೇಕಾಗಿರುವುದು ಆ ಹತ್ತು ನಿಮಿಷಕ್ಕೆ: ಗ್ರಾಹಕನ ಫೋನ್ ನಂಬರ್, ಹೆಸರು, ಖಾತೆ ಸಂಖ್ಯೆಗಳಲ್ಲಿ ಯಾವುದನ್ನೂ ಪಾಸ್‌ವರ್ಡ್ ಮಾಡಕೂಡದು, ಡಬ್ಲ್ಯೂಪಿಎ2-ಎಇಎಸ್‌ಗಿಂತ ಕೆಳಗಿನದ್ದು ತೆರೆದಿರಕೂಡದು, ಆಡಳಿತ ಪುಟದ ಕೀಲಿ ಗ್ರಾಹಕನಿಗೂ ಸಿಗಬೇಕು. ಪರವಾನಗಿ ಕೊಡುವ ಇಲಾಖೆಗೆ ಇದನ್ನು ಷರತ್ತಾಗಿ ಹೇರುವ ಅಧಿಕಾರ ಇದೆ. 2009ರಲ್ಲಿ ಒಟಿಪಿಗಾಗಿ ಅದನ್ನೇ ಮಾಡಿತ್ತು.

ಅಲ್ಲಿಯವರೆಗೆ ನೀವೇ ಮಾಡಬೇಕಾದದ್ದು ಇಷ್ಟು. ರೌಟರಿನ ಪುಟ ತೆರೆಯಲು ಬಿಟ್ಟರೆ ಡಬ್ಲ್ಯೂಪಿಎ3 ಆರಿಸಿ. ಹಳೆಯ ಫೋನೊಂದು ಮುನಿಸಿಕೊಂಡರೆ ಡಬ್ಲ್ಯೂಪಿಎ2-ಡಬ್ಲ್ಯೂಪಿಎ3 ಜೋಡಿ ಸ್ಥಿತಿ ಪರವಾಗಿಲ್ಲ, ಆದರೆ ಅದರಲ್ಲಿ ಹಳೆಯ ಊಹೆಯ ಆಟಕ್ಕೆ ದಾರಿ ಉಳಿಯುವುದರಿಂದ ಪಾಸ್‌ವರ್ಡ್ ಗಟ್ಟಿಯೇ ಇರಬೇಕು. ಎರಡೂ ಇಲ್ಲದಿದ್ದರೆ ಡಬ್ಲ್ಯೂಪಿಎ2, ಎಇಎಸ್ ಮಾತ್ರ. ಡಬ್ಲ್ಯೂಪಿಎಸ್ ಆರಿಸಿಬಿಡಿ. ಆಡಳಿತ ಪುಟದ ಪಾಸ್‌ವರ್ಡ್ ಬದಲಿಸಿ. ಕ್ಯಾಮೆರಾ, ಟೀವಿ, ನೆಂಟರ ಫೋನುಗಳಿಗೆ ಅತಿಥಿ ಜಾಲವೊಂದನ್ನು ಬೇರೆ ಮಾಡಿ. ಉತ್ತರಾಯಣದ ದಿನ ತಾರಸಿಯಲ್ಲಿ ಗಾಳಿಪಟದ ನಡುವೆ ಪಾಸ್‌ವರ್ಡ್ ಕೇಳುವ ಪಕ್ಕದ ಮನೆಯ ಹುಡುಗರಿಗೂ ಅದೇ ಸಾಕು. ಜಾಲದ ಹೆಸರನ್ನು ಬಚ್ಚಿಡುವುದು, ಸಾಧನಗಳ ಪಟ್ಟಿ ಮಾಡಿ ಉಳಿದವನ್ನು ತಡೆಯುವುದು, ಇವೆಲ್ಲ ಬೇಡ. ಹುಡುಕುವವನಿಗೆ ಎರಡೂ ಗಾಳಿಯಲ್ಲೇ ಕಾಣುತ್ತವೆ, ಸಮಯ ಹಾಳು.

ಪಾಸ್‌ವರ್ಡಿಗೆ ಒಂದು ಸುಲಭದ ದಾರಿ ಕನ್ನಡದಲ್ಲೇ ಇದೆ. ಒಂದಕ್ಕೊಂದು ಸಂಬಂಧವಿಲ್ಲದ ಐದು ಪದಗಳನ್ನು ಇಂಗ್ಲಿಷ್ ಲಿಪಿಯಲ್ಲಿ ಸಾಲಾಗಿ ಬರೆಯಿರಿ. ನಿಘಂಟನ್ನು ಕಣ್ಣುಮುಚ್ಚಿ ಐದು ಸಲ ತೆರೆದು ಬೆರಳಿಗೆ ಸಿಕ್ಕಿದ್ದನ್ನು ತೆಗೆದುಕೊಂಡರೆ ಇನ್ನೂ ಚೆಂದ. ಮುಂಗುಸಿ, ತಕ್ಕಡಿ, ಹಪ್ಪಳ ಹೀಗೆ. ವಚನದ ಸಾಲು, ಸಿನಿಮಾ ಹಾಡು, ಊರಿನ ಹೆಸರು, ಮಗಳ ಹೆಸರು ಬೇಡ. ಅವು ಎಲ್ಲರಿಗೂ ಗೊತ್ತು, ಊಹಿಸುವ ಪಟ್ಟಿಗಳಿಗೂ ಗೊತ್ತು. ವೈಫೈ 63 ಅಕ್ಷರಗಳವರೆಗೆ ಒಪ್ಪುತ್ತದೆ, ಜಿಪುಣತನಕ್ಕೆ ಕಾರಣವಿಲ್ಲ.

ಕಂಪನಿ ಪುಟವನ್ನೇ ತೆರೆಯಲು ಬಿಡದಿದ್ದರೆ ಜಗಳ ಒಬ್ಬರೇ ಆಡಬೇಡಿ. ವಡೋದರ, ಸೂರತ್, ಅಹಮದಾಬಾದಿನ ಎಷ್ಟೋ ಸೊಸೈಟಿಗಳು ಇಡೀ ಕಟ್ಟಡಕ್ಕೆ ಒಂದೇ ಕಂಪನಿಯ ಜೊತೆ ದರ ಮಾತಾಡುತ್ತವೆ. ಬೆಂಗಳೂರಿನ ಅಪಾರ್ಟ್‌ಮೆಂಟ್ ಸಂಘಗಳೂ ಹಾಗೆಯೇ. ವೇಗ ಎಷ್ಟು, ತಿಂಗಳಿಗೆ ಎಷ್ಟು, ಯಾವ ಒಟಿಟಿ ಉಚಿತ ಎಂದು ಚೌಕಾಸಿ ಮಾಡುವ ಆ ಸಭೆಯಲ್ಲಿ ಇನ್ನೊಂದು ಸಾಲು ಸೇರಿಸಿ ಬರಹದಲ್ಲಿ ಕೇಳಿ: ಪ್ರತಿ ಮನೆಗೂ ಬೇರೆಯಾದ, ಯಂತ್ರ ಆರಿಸಿದ ಪಾಸ್‌ವರ್ಡ್, ಟಿಕೆಐಪಿ ಮತ್ತು ಡಬ್ಲ್ಯೂಪಿಎಸ್ ಮುಚ್ಚಿರಬೇಕು, ಆಡಳಿತ ಪುಟದ ಕೀಲಿ ಮನೆಯವರ ಕೈಗೆ. ಅರವತ್ತು ಮನೆಯ ಗುತ್ತಿಗೆ ಕೈತಪ್ಪುವ ಹೆದರಿಕೆ ಇರುವಾಗ ‘ಗ್ರಾಹಕರಿಗೆ ಕೊಡುವುದಿಲ್ಲ ಸರ್’ ಎಂಬ ಮಾತು ಎಷ್ಟು ಹೊತ್ತು ನಿಲ್ಲುತ್ತದೆಂದು ಕಾರ್ಯದರ್ಶಿಯವರು ಮುಂದಿನ ನವೀಕರಣದ ದಿನವೇ ನೋಡಬಹುದು.